ನೀವು ಮಾಡಿದ್ದು ಎಲ್ಲಿ?

ಊಟದ ತಟ್ಟೆಯ ಮೇಲೆ ಯಾರಾದರೂ ಡಿಗ್ರಿ ಕೆತ್ತಿಸುತ್ತಾರೆಯೇ?

ನಾನು ಕೆತ್ತಿಸಿದೆ. ಹೋದ ತಿಂಗಳು, ಹೊನ್ನಾಳಿಯ ಪಾತ್ರೆ ಅಂಗಡಿಯಲ್ಲಿ. ಹೆಸರಿನ ಪಕ್ಕ ಬಿ.ಎ., ಬಿ.ಇಡಿ. ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು. (ಇದನ್ನು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ! ಇನ್ನೂ ಬರೆಯುತ್ತೇನೆ. ಪುಕ್ಕಟೆ ಬಂದದ್ದಲ್ಲ ಅದು.)

ಆದದ್ದಿಷ್ಟು. ನ್ಯಾಮತಿಯಲ್ಲಿ ನನ್ನದೊಂದು ಬಾಡಿಗೆ ಕೋಣೆ. ಶಾಲೆ ಬಿಟ್ಟು ಬಂದರೆ ಸೀಮೆಎಣ್ಣೆ ಸ್ಟೌ, ರೇಡಿಯೋ, ನಾನು. ಗೋಡೆಯಾಚೆ ಮಂಗಳೂರು ಕಡೆಯ ಕ್ರೈಸ್ತ ಸಂಸಾರ. ಸೆಲಿನಮ್ಮ ಆಸ್ಪತ್ರೆಯಲ್ಲಿ ನರ್ಸ್, ಗಂಡ ರಾಬರ್ಟ್ ಕಂಪೌಂಡರ್, ಹತ್ತು ವರ್ಷದ ಮಗಳು ಐರಿನ್. ಕ್ರಿಸ್‌ಮಸ್‌ಗೆ ಇನ್ನೂ ನಾಲ್ಕು ವಾರ ಇರುವಾಗಲೇ ಅವರ ಮನೆಯಲ್ಲಿ ಸಡಗರ. ಗಾಳಿಮರದ ಸೊಪ್ಪನ್ನು ಸಿಂಬಿಯಂತೆ ಸುತ್ತಿ ನಡುನಡುವೆ ನಾಲ್ಕು ಮೇಣದಬತ್ತಿ ನೆಡುತ್ತಾರೆ. ಮೊದಲ ಭಾನುವಾರ ಸಂಜೆ ಒಂದು ಹಚ್ಚುವುದು, ಮುಂದಿನ ವಾರ ಎರಡು. ಹೀಗೆ ಹಬ್ಬವನ್ನು ಕಾಯುವುದೇ ಒಂದು ಹಬ್ಬ.

ಈ ಸಲ ಮೊದಲ ಭಾನುವಾರ ನನ್ನನ್ನೂ ಕರೆದರು. ಚೊಂಬಿನಲ್ಲಿ ಚೀಟಿ. ಯಾರ ಹೆಸರು ಎತ್ತುತ್ತೀರೋ ಅವರಿಗೊಂದು ಉಡುಗೊರೆ ಕೊಡಬೇಕು. ನನಗೆ ಐರಿನ್ ಹೆಸರು ಬಂತು. ಉಡುಗೊರೆಯನ್ನು ಸ್ವಂತ ಕೈಯಿಂದ ಮಾಡಬೇಕು ಎಂದು ಯಾರೂ ಹೇಳಲಿಲ್ಲ. ಅವರ ಮನೆಯಲ್ಲಿ ಅದು ಹೇಳಬೇಕಾದ ವಿಷಯವೇ ಅಲ್ಲ.

ನಮ್ಮ ಕಡೆ ಉಡುಗೊರೆ ಎಂದರೆ ಇನ್ನೇನು? ಸ್ಟೀಲ್ ಪಾತ್ರೆ, ಅದರ ಮೇಲೆ ಕೊಟ್ಟವರ ಹೆಸರು. (ನಗಬೇಡಿ. ನಿಮ್ಮ ಅಡುಗೆಮನೆಯಲ್ಲೂ ಅಂಥವು ಇವೆ.)

ಎರಡನೇ ಭಾನುವಾರ, ತಡೆಯಲಾರದೆ ತಟ್ಟೆ ತೋರಿಸಿಯೇಬಿಟ್ಟೆ. ಐರಿನ್ ಅದರ ಮೇಲಿದ್ದ ನನ್ನ ಹೆಸರು, ಡಿಗ್ರಿ ಎಲ್ಲ ಓದಿದಳು. ತಿರುಗಿಸಿ ಹಿಂಬದಿಯನ್ನೂ ನೋಡಿದಳು.

"ಇದು ಅಂಗಡಿಯವರು ಮಾಡಿದ್ದಲ್ವಾ ಮೇಷ್ಟ್ರೆ? ನೀವು ಮಾಡಿದ್ದು ಎಲ್ಲಿ?"

"ಸುಮ್ನಿರೇ!" ಎಂದು ಸೆಲಿನಮ್ಮ ಗದರಿದರು. "ಬೇಜಾರು ಮಾಡ್ಬೇಡಿ ಮಾರಾಯ್ರೆ. ನಮ್ಮಲ್ಲಿ ಕೈಯಲ್ಲಿ ಮಾಡಿ ಕೊಡುವ ಕ್ರಮ ಉಂಟು. ನಾನು ನೂಲಿನಲ್ಲಿ ಕ್ರೋಶಾ ಹಾಕ್ತೇನೆ, ಇವರು ಮರದಲ್ಲಿ ಎಂತದಾದ್ರೂ ಕೆತ್ತುತ್ತಾರೆ. ನಿಮಗೆ ಎಂತ ಬರ್ತದೆ?"

ನನಗೆ ಏನು ಬರುತ್ತದೆ?

ನಮ್ಮದು ಜಗಳೂರು ಕಡೆಯ ಹಳ್ಳಿ, ಕಂಬಳಿ ನೇಯುವ ಮನೆ. ಅಪ್ಪ ಮಗ್ಗದಲ್ಲಿ ಕೂರುತ್ತಿದ್ದ. ಅವ್ವ, ಅಣ್ಣ, ಅಕ್ಕ ಉಣ್ಣೆಯ ರಾಶಿಯ ಸುತ್ತ ಕೂತು ನೂಲುತ್ತಿದ್ದರು. ಅಲ್ಲೇ ಹಾಡು, ಅಲ್ಲೇ ಚಾಡಿ, ಅಲ್ಲೇ ಜಗಳ. ನಾನೊಬ್ಬ ಹೊರಗೆ ಜಗಲಿಯ ಮೇಲೆ, ಪುಸ್ತಕ ಹಿಡಿದು. ಹತ್ತಿರ ಹೋದರೆ ಅವ್ವ ಅಟ್ಟುತ್ತಿದ್ದಳು: "ನೀ ಮುಟ್ಬ್ಯಾಡ. ಓದ್ಕ ಹೋಗು." ಓದಿದೆ. ಚೆನ್ನಾಗಿಯೇ ಓದಿದೆ.

ಮುಂದಿನ ಶನಿವಾರ ಊರಿನ ಬಸ್ಸು ಹತ್ತಿದೆ. ಅವ್ವ ಮತ್ತು ಅತ್ತಿಗೆ ಅಂಗಳದಲ್ಲಿ ನೂಲುತ್ತಿದ್ದರು.

"ಅವ್ವಾ, ನಂಗೂ ನೂಲಾಕೆ ಕಲ್ಸು" ಎಂದೆ.

ಅತ್ತಿಗೆ ಬಿದ್ದು ಬಿದ್ದು ನಕ್ಕಳು. "ಯಾಕ್ರೀ ಮೇಷ್ಟ್ರೆ, ಇಸ್ಕೂಲಿಂದ ಓಡ್ಸಿದ್ರಾ ಹೆಂಗೆ?"

ಅವ್ವ ನಗಲಿಲ್ಲ. ನೂಲುವ ಕದಿರನ್ನು ಸೆರಗಿನೊಳಗೆ ಮುಚ್ಚಿಕೊಂಡಳು. "ಈ ಕೈ ಇದನ್ನ ಮುಟ್ಬಾರ್ದು ಅಂತ್ಲೇ ನಾ ಇಷ್ಟು ವರ್ಷ ನೂಲಿದ್ದು. ಊರಾಗೆ ಯಾರಾನ ಕಂಡ್ರೆ ಏನಂದಾರು?"

ಪಕ್ಕದ ಮನೆಯಿಂದ ಕುರ್ಚಿ ಬಂತು. ನಾನು ಊರಿಗೆ ಹೋದಾಗಲೆಲ್ಲ ಬರುತ್ತದೆ. ನಾನು ಮೇಲೆ ಕೂತೆ, ಅವರು ನೆಲದಲ್ಲಿ. ಸ್ವಲ್ಪ ಹೊತ್ತಿಗೆ ಅವರ ಹರಟೆಯೂ ನಿಂತಿತು. ಮೇಷ್ಟ್ರ ಎದುರು ಎಂಥ ಹರಟೆ?

ರಾತ್ರಿ ಊಟಕ್ಕೆ ಕೂತಾಗ ಐರಿನ್ ಉಡುಗೊರೆಯ ಕಥೆಯನ್ನೆಲ್ಲ ಹೇಳಿದೆ. ಭಾನುವಾರ ಹೊರಡುವಾಗ ಅವ್ವ ನನ್ನ ಕೈಗೊಂದು ಪುಟ್ಟ ಚೀಲ ಇಟ್ಟಳು. ಕಂಬಳಿ ತುಂಡಿನಲ್ಲಿ ಹೊಲಿದದ್ದು, ಅಂಚಿಗೆ ಕೆಂಪು ನೂಲು. "ನಾನೇ ಮಾಡಿದ್ದು ಅನ್ನು. ಯಾರು ಕೇಳಾಕೆ ಬರ್ತಾರೆ?"

ಕೇಳುವವಳು ಗೋಡೆಯಾಚೆಯೇ ಇದ್ದಳಲ್ಲ!

ನಾಲ್ಕನೇ ಭಾನುವಾರ ನಾಲ್ಕೂ ಬತ್ತಿ ಉರಿಯುತ್ತಿದ್ದವು. ನೆಲಕ್ಕೆ ಚಾಪೆ ಹಾಸಿ, ತೆಂಗಿನ ಹಾಲಿನಲ್ಲಿ ಕಲಸಿದ ಮೈದಾ ಹಿಟ್ಟಿನ ಸುತ್ತ ಮೂವರೂ ಕೂತಿದ್ದರು. ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತುವುದು, ಆಮೇಲೆ ಕರಿದು ಸಕ್ಕರೆ ಪಾಕಕ್ಕೆ ಹಾಕುವುದು. ಕಿಡ್ಯೊ ಎನ್ನುತ್ತಾರೆ. ನನಗೆ ಇಲ್ಲೂ ಕುರ್ಚಿ ಹಾಕಿದರು. "ನೀವು ಮೇಲೆ ಕೂತ್ಕೊಳ್ಳಿ ಮೇಷ್ಟ್ರೆ, ನಿಮಗೆಂತಕ್ಕೆ ಕಷ್ಟ?"

ಐರಿನ್‌ಗೆ ಚೀಲ ಕೊಟ್ಟೆ. ಕೆನ್ನೆಗೆ ಒತ್ತಿಕೊಂಡಳು. "ನೀವೇ ಮಾಡಿದ್ದಾ?"

ಹೂಂ ಎನ್ನಲು ಬಾಯಿ ತೆರೆದೆ.

"ಇಲ್ಲಮ್ಮ, ನಮ್ಮವ್ವ ಮಾಡಿದ್ದು. ನನಗೆ ಕೈಕೆಲಸ ಏನೂ ಬರೋದಿಲ್ಲ."

ಹುಡುಗಿ ಸರಿದು ಚಾಪೆಯಲ್ಲಿ ಜಾಗ ಮಾಡಿದಳು. "ಹಾಗಾದ್ರೆ ಕೆಳಗೆ ಬನ್ನಿ. ಮೊದ್ಲು ಕೈ ತೊಳ್ಕೊಳ್ಳಿ."

ಮೊದಲ ಐದಾರು ಹರಿದವು. ಆಮೇಲೊಂದು ಹೇಗೋ ಸೊಟ್ಟಗೆ ಸುತ್ತಿಕೊಂಡಿತು. "ಇದು ಕಿಡ್ಯೊ ಅಲ್ಲ ಮಾರಾಯ್ರೆ, ಹಳೇ ಚಪ್ಪಲಿ!" ಎಂದರು ರಾಬರ್ಟ್. ಎಲ್ಲರೂ ನಕ್ಕರು. ನಾನೂ ನಕ್ಕೆ. ಐರಿನ್ ಅದನ್ನು ಬೇರೆ ಇಟ್ಟಳು. "ಇದು ನನ್ನ ಗಿಫ್ಟ್. ಯಾರೂ ಮುಟ್ಬಾರ್ದು."

ಕೋಣೆಗೆ ಬಂದು ಬೀಗ ತೆಗೆದೆ. ಗೋಡೆಯಾಚೆ ಇನ್ನೂ ಮಾತು, ನಗು. ಅವ್ವನಿಗೆ ಇದನ್ನೆಲ್ಲ ಬರೆಯೋಣವೆಂದು ಕಾಗದ ತೆಗೆದು ಹಾಗೇ ಇಟ್ಟೆ. (ನನ್ನ ಕಾಗದವನ್ನು ಅವಳಿಗೆ ಓದಿ ಹೇಳಲು ಇನ್ನೊಬ್ಬರು ಬೇಕು.) ನನಗೆ ಏನೂ ಬರುವುದಿಲ್ಲ ಎಂದು ಒಪ್ಪಿಕೊಂಡೆ, ಪರರ ಚಾಪೆಯಲ್ಲಿ ಜಾಗ ಸಿಕ್ಕಿತು.

ನಮ್ಮ ಅಂಗಳದಲ್ಲಿ, ಅವ್ವನ ಪಕ್ಕ ನೆಲದ ಮೇಲೆ ಕೂರಲು ನಾನು ಇನ್ನು ಯಾವ ಪರೀಕ್ಷೆ ಪಾಸು ಮಾಡಬೇಕು?