ನೀಲಿ ಬಟ್ಟೆಯ ಗಂಟು

ನನಗೊಂದು ಕೆಟ್ಟ ಚಟವಿದೆ. ಯಾರು ಏನು ಹೇಳಿದರೂ ಪೂರ್ತಿ ಕೇಳುವ ಮೊದಲೇ ‘ಇದು ನಮ್ಮಲ್ಲೂ ಇದೆ’ ಎಂದುಬಿಡುತ್ತೇನೆ. ಜಾರ್ಜ್‌ಟೌನ್‌ನ ನಮ್ಮ ಬೀದಿಯಲ್ಲಿ ಮೆಕ್ಸಿಕೋದವರು ಹುಣಸೆಹಣ್ಣಿನ ಮಿಠಾಯಿ ಕೊಟ್ಟರೂ ಅದೇ ಮಾತು, ಚೀನಾದವರು ಗಂಜಿ ಕೊಟ್ಟರೂ ಅದೇ ಮಾತು. ನನ್ನ ಗಂಡ ಆಡಿಕೊಂಡಾಗ ನಾನೂ ನಗುತ್ತಿದ್ದೆ. ಈಗ ಆ ಮಾತು ನಾಲಿಗೆ ತುದಿಗೆ ಬಂದರೆ ಸಾಕು, ಭಯವಾಗುತ್ತದೆ.

ಪಕ್ಕದ ಮನೆಯ ಅಜ್ಜಿ ಐರ್ಲೆಂಡಿನವರು. ಮದುವೆಯಾಗಿ ಟೆಕ್ಸಸ್‌ಗೆ ಬಂದು ಐವತ್ತು ವರ್ಷವಾಗಿದ್ದರೂ ಅವರ ಮಾತಿನ ರಾಗ ಬದಲಾಗಿರಲಿಲ್ಲ. ನಮ್ಮ ಬಡಾವಣೆಯ ಹಿಂದೆ, ವಾಕಿಂಗ್ ಹೋಗುವ ದಾರಿ ಮುಗಿಯುವಲ್ಲಿ, ಸುಣ್ಣಕಲ್ಲಿನ ಸಂದಿಯಿಂದ ಒಂದು ಬುಗ್ಗೆ ಜಿನುಗುತ್ತದೆ. ಆಗಸ್ಟಿನ ಬಿಸಿಲಿಗೆ ಹುಲ್ಲೆಲ್ಲ ಸುಟ್ಟುಹೋದಾಗಲೂ ಅಲ್ಲಿ ಒಂದು ಚಾಪೆಯಷ್ಟು ಜಾಗ ಹಸಿರಾಗಿರುತ್ತದೆ. ಅದರ ಮೇಲೆ ಬಾಗಿದ ಓಕ್ ಮರಕ್ಕೆ ಅಜ್ಜಿ ಬಟ್ಟೆಯ ಚೂರುಗಳನ್ನು ಕಟ್ಟುತ್ತಿದ್ದರು. ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಹೋದರು.

“ನಮ್ಮೂರಲ್ಲಿ ಇಂಥ ನೀರು ಹೊಲದ ಮೂಲೇಲಿ, ದಾರಿ ತಿರುವಿನಲ್ಲಿ, ಗುಡ್ಡದ ಬುಡದಲ್ಲಿ, ಎಲ್ಲ ಕಡೆ ಇರುತ್ತೆ,” ಎಂದರು. ಅವರಾಡಿದ ಇಂಗ್ಲಿಷ್ ನನ್ನ ನೆನಪಿನಲ್ಲಿ ಕನ್ನಡವಾಗಿಯೇ ಉಳಿದಿದೆ. “ಒಂದು ಬಾವಿ ಹಲ್ಲುನೋವಿಗೆ, ಒಂದು ತಲೆನೋವಿಗೆ. ನಮ್ಮ ಮನೆ ಹತ್ರ ಇದ್ದಿದ್ದು ಕಣ್ಣಿಗೆ. ಉಳೋರು ಅದರ ಪಕ್ಕದ ಮುಳ್ಳಿನ ಮರ ಬಿಟ್ಟು ಸುತ್ತಿಕೊಂಡು ಉಳ್ತಿದ್ರು. ಸೂರ್ಯ ಹೋಗೋ ದಿಕ್ಕಲ್ಲಿ ಮೂರು ಸುತ್ತು ಬರಬೇಕು...”

“ಪ್ರದಕ್ಷಿಣೆ. ನಮ್ಮಲ್ಲೂ ಇದೆ,” ಎಂದೆ.

“ಆಮೇಲೆ ಬಟ್ಟೆ ನೀರಲ್ಲಿ ಅದ್ದಿ, ಕಣ್ಣು ಒರೆಸಿಕೊಂಡು, ಮರಕ್ಕೆ...”

“ಹರಕೆ ಕಟ್ಟೋದು. ಅದೂ ನಮ್ಮಲ್ಲಿದೆ.”

ಅಜ್ಜಿ ನಕ್ಕರು. ಅವರು ಇನ್ನೇನೋ ಹೇಳುವವರಿದ್ದರು, ನಾನು ಬಿಡಲಿಲ್ಲ.

ಆಗ ನನ್ನ ಮಗಳಿಗೆ ಎಂಟು ವರ್ಷ. ಪ್ರತಿ ವರ್ಷ ಅವಳ ಕನ್ನಡಕದ ನಂಬರ್ ಏರುತ್ತಿತ್ತು, ನನಗೆ ಅದೇ ಚಿಂತೆ. ಗಂಡನ ಕೆಲಸ ಹ್ಯೂಸ್ಟನ್‌ನ ಕ್ಲಿಯರ್ ಲೇಕಿನಲ್ಲಿ, ಮನೆಗೆ ಬರುತ್ತಿದ್ದುದು ವಾರದ ಕೊನೆಗೆ ಮಾತ್ರ. ಒಂದು ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಬಿಟ್ಟು ಒಬ್ಬಳೇ ಬುಗ್ಗೆಗೆ ಹೋದೆ. ಮೂರು ಸುತ್ತು ಬಂದೆ. ಮರದಲ್ಲಿದ್ದ ಚಿಂದಿಗಳ ನಡುವೆ ಒಂದು ನೀಲಿ ಪಟ್ಟಿ ಹೊಸದಾಗಿ ಕಂಡಿತು. ದೇವಸ್ಥಾನದಲ್ಲಿ ಅರ್ಚಕರು ದೇವರ ಪಾದದ ಬಳಿ ಇಟ್ಟ ದಾರವನ್ನು ನಮ್ಮ ಕೈಗೆ ಕಟ್ಟುತ್ತಾರಲ್ಲ. ಇಲ್ಲಿ ಅರ್ಚಕರಿಲ್ಲ, ನಾನೇ ತೆಗೆದುಕೊಂಡರಾಯಿತು ಎಂದುಕೊಂಡೆ. ಬಿಚ್ಚಿ, ಕಣ್ಣಿಗೊತ್ತಿಕೊಂಡು, ಮನೆಗೆ ತಂದು ಸಂಜೆ ಮಗಳ ಎಡಗೈಗೆ ಕಟ್ಟಿದೆ.

“ಅಮ್ಮಾ, ಇಟ್ಸ್ ಸ್ಮೆಲಿ,” ಎಂದಳು.

“ದೇವರದ್ದು ಅದು. ಹಾಗೆಲ್ಲ ಅನ್ನಬಾರದು,” ಎಂದು ಗದರಿದೆ.

ಮೂರನೆಯ ದಿನ ಅವಳ ಎಡಗಣ್ಣು ಕೆಂಪಾಗಿ ಊದಿಕೊಂಡಿತು. ಬಲಗಣ್ಣು ಮುಚ್ಚಿಕೊಂಡು ಅಡುಗೆಮನೆಯ ಗಡಿಯಾರ ನೋಡಿ, “ಐ ಕಾಂಟ್ ಸೀ ದ ನಂಬರ್ಸ್,” ಎಂದಳು. ತಕ್ಷಣ ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರ್ ಬೆಳಕು ಹಾಕಿ ಬಹಳ ಹೊತ್ತು ನೋಡಿದರು. ಸೋಂಕು ಕಣ್ಣುಗುಡ್ಡೆಗೆ ತಗುಲಿದೆ, ಗಂಟೆಗೊಮ್ಮೆ ಡ್ರಾಪ್ಸ್ ಹಾಕಿ, ಎರಡು ದಿನದಲ್ಲಿ ಇಳಿಯದಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಗುತ್ತದೆ ಎಂದರು. ದೃಷ್ಟಿ ಪೂರ್ತಿ ಬರುತ್ತದಾ ಎಂದು ಕೇಳಿದೆ. ಈಗಲೇ ಹೇಳಲಾಗದು ಎಂದರು.

ಮನೆ ಮುಂದೆ ಕಾರಿನಿಂದ ಇಳಿದಾಗ ಅಜ್ಜಿ ಗಿಡಕ್ಕೆ ನೀರು ಬಿಡುತ್ತಿದ್ದರು. ಮಗಳ ಕೈ ಹಿಡಿದು, ಅವಳ ಮಣಿಕಟ್ಟನ್ನು ತಮ್ಮ ಮುಖದ ಹತ್ತಿರ ತಂದುಕೊಂಡು ನೋಡಿದರು.

“ಇದು ನಾನು ಕಟ್ಟಿದ್ದು. ನಿನಗೆ ಎಲ್ಲಿ ಸಿಕ್ತು?”

ಹೇಳಿದೆ. ಅಜ್ಜಿ ಮೆಟ್ಟಿಲ ಮೇಲೆ ಕುಸಿದು ಕೂತರು. ಪೈಪಿನ ನೀರು ದಾರಿಗೆ ಹರಿಯುತ್ತಲೇ ಇತ್ತು.

“ಕಾಯಿಲೇನ ಅಲ್ಲಿ ಬಿಟ್ಟು ಬರ್ತೀವಮ್ಮ. ಬಟ್ಟೆ ಕೊಳೀತಾ ಹೋದ ಹಾಗೆ ಕಾಯಿಲೇನೂ ಕರಗುತ್ತೆ. ಅದನ್ನ ಯಾರು ಬಿಚ್ಚಿಕೊಂಡು ಹೋಗ್ತಾರೋ ಅವರಿಗೆ ಅದು ಹೋಗುತ್ತೆ ಅಂತಾರೆ. ನಮ್ಮೂರಲ್ಲಿ ಗಾಳಿಗೆ ಬಿದ್ದ ಚೂರನ್ನೂ ಯಾರೂ ಮುಟ್ಟಲ್ಲ.” ಆಮೇಲೆ ಮೆಲ್ಲಗೆ ಹೇಳಿದರು: “ಅದರಲ್ಲಿ ನನ್ನ ಕಣ್ಣು ಒರೆಸಿದ್ದೆ. ನನ್ನ ದೃಷ್ಟಿ ಹೋಗ್ತಿದೆ ಅಂತ ಡಾಕ್ಟರ್ ಹೇಳಿದಾರೆ.”

ಇರಲಾರದೆ ಇರುವೆ ಬಿಟ್ಟುಕೊಂಡಿದ್ದೆ, ಅದೂ ನನ್ನ ಮೈಮೇಲಲ್ಲ, ಮಗುವಿನ ಮೇಲೆ. ನಾನು ಇಂಜಿನಿಯರಿಂಗ್ ಓದಿದವಳು. ಇನ್ನೊಬ್ಬರು ಕಣ್ಣು ಒರೆಸಿದ ಒದ್ದೆ ಚಿಂದಿ, ಆ ಕೈಯಲ್ಲೇ ಮಗು ಕಣ್ಣುಜ್ಜಿಕೊಂಡಿದೆ, ಇಷ್ಟೇ ಎಂದು ಬುದ್ಧಿ ಹೇಳಿತು. ಹಾಗೆ ನೋಡಿದರೂ ತಪ್ಪು ನನ್ನದೇ, ಅಜ್ಜಿ ಹೇಳಿದ ಹಾಗೆ ನೋಡಿದರೂ ನನ್ನದೇ. ಬಟ್ಟೆ ಬಿಚ್ಚಿ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿದೆ. ಎಸೆಯಲು ಧೈರ್ಯವಾಗಲಿಲ್ಲ.

ಗಂಡನಿಗೆ ಫೋನ್ ಮಾಡಿ ಅತ್ತೆ. ಅವರು ಧಾರವಾಡದವರು. “ಹುಚ್ಚಿ ಹಂಗ ಮಾತಾಡಬ್ಯಾಡ. ತಾಸಿಗೊಮ್ಮೆ ಔಷಧ ಹಾಕು. ನಾ ಮುಂಜಾನೆ ಹೊಂಡ್ತೀನಿ,” ಎಂದರು. ಅವರ ದನಿಯೂ ಸರಿ ಇರಲಿಲ್ಲ.

ಬೆಳಗಾದಾಗ ಮಗಳ ರೆಪ್ಪೆ ತೆರೆಯಲೇ ಆಗಲಿಲ್ಲ. ಗಂಡ ಇನ್ನೂ ದಾರಿಯಲ್ಲಿದ್ದರು. ಅಷ್ಟರಲ್ಲಿ ಅಜ್ಜಿಯೇ ನಮ್ಮ ಬಾಗಿಲಿಗೆ ಬಂದರು.

“ಬಟ್ಟೆ ಕೊಡು.”

“ವಾಪಸ್ ಮರಕ್ಕೆ ಕಟ್ಟಿದ್ರೆ ಸರಿಹೋಗುತ್ತಾ ಅಜ್ಜಿ?”

“ಅದು ನನಗೆ ಗೊತ್ತಿಲ್ಲ. ಬಿಚ್ಚಿದೋರನ್ನ ನಾನು ನೋಡೇ ಇಲ್ಲ.” ಕವರಿನಿಂದ ಪಟ್ಟಿ ತೆಗೆದು ತಮ್ಮ ಮಣಿಕಟ್ಟಿಗೆ ಸುತ್ತಿಕೊಂಡರು. “ನನ್ನದು ನನಗೇ ಬರಲಿ. ನಾನು ನೋಡಬೇಕಾದ್ದೆಲ್ಲ ನೋಡಿ ಆಗಿದೆ.”

ಬೇಡ ಎನ್ನಬೇಕಿತ್ತು. ಅನ್ನಲಿಲ್ಲ. ಒಂದೇ ಕೈಯಲ್ಲಿ ಅವರಿಗೆ ಗಂಟು ಹಾಕಿಕೊಳ್ಳಲು ಬರಲಿಲ್ಲ. ಗಂಟು ಹಾಕಿದವಳು ನಾನೇ.

ಮರುದಿನ ಊತ ಇಳಿಯಿತು. ವಾರದೊಳಗೆ ಮಗಳು ಗಡಿಯಾರ ಓದಿದಳು. ಡ್ರಾಪ್ಸ್ ಕೆಲಸ ಮಾಡಿದೆ ಎಂದರು ಡಾಕ್ಟರ್. “ನೋಡಿದೇನು?” ಎಂದರು ಗಂಡ. ಹೌದು ಎಂದೆ.

ದೀಪಾವಳಿಯ ಹೊತ್ತಿಗೆ ಅಜ್ಜಿಗೆ ಏನೂ ಕಾಣದಾಯಿತು. ಡಾಲಸ್ ಕಡೆ ಇರುವ ಅವರ ಮಗಳು ಬಂದು ಕರೆದುಕೊಂಡು ಹೋದರು. ಹೀಗಾಗುತ್ತದೆಂದು ಮೊದಲೇ ಗೊತ್ತಿತ್ತು ಎಂದು ಆ ಮಗಳೇ ನನಗೆ ಸಮಾಧಾನ ಹೇಳಿದರು. ಆ ಸಮಾಧಾನ ನನಗೆ ತಾಗಲಿಲ್ಲ.

ನಮ್ಮ ಕಡೆಯ ದಿನಸಿಗೆಂದು ನಾವು ಅಪರೂಪಕ್ಕೊಮ್ಮೆ ಡಾಲಸ್ ಪಕ್ಕದ ಕ್ಯಾರಲ್ಟನ್‌ಗೆ ಹೋಗುತ್ತೇವೆ. ಅಲ್ಲಿಂದ ಅಜ್ಜಿ ಇರುವ ಮನೆ ಹತ್ತು ನಿಮಿಷ. ಎರಡು ಸಲ ಆ ತಿರುವಿನವರೆಗೆ ಹೋಗಿ, ಹೆದರಿ ವಾಪಸ್ ಬಂದಿದ್ದೆ. ಹೋದ ತಿಂಗಳು ಒಳಗೆ ಹೋದೆ. ಕಿಟಕಿಯ ಪಕ್ಕ ಕೂತಿದ್ದರು. ನನ್ನ ದನಿ ಕೇಳಿ ಕೈ ಚಾಚಿದರು. ಮಣಿಕಟ್ಟಿನಲ್ಲಿ ಆ ಪಟ್ಟಿ ಬಣ್ಣಗೆಟ್ಟು ಜೋತಾಡುತ್ತಿತ್ತು.

“ಮಗು ಕಣ್ಣು ಹೇಗಿದೆ?”

“ಚೆನ್ನಾಗಿದೆ, ಅಜ್ಜಿ.”

“ಹಾಗಾದ್ರೆ ಇದನ್ನ ಸ್ವಲ್ಪ ಬಿಗಿ ಮಾಡು. ಬಿದ್ದುಹೋದ್ರೆ ನನಗೆ ಕಾಣಲ್ಲ.”

ಬಿಗಿ ಮಾಡಿದೆ. ಮೇಲೆ ಇನ್ನೊಂದು ಗಂಟನ್ನೂ ಹಾಕಿದೆ.