ಹಾಲು ಬಿಡಿಸಲು ಬಂದವರು

ಕಾಗದನಗರದ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯ ಬಸವರಾಜೇಶ್ವರಿಯಂಥ ಹಟದ ಇನ್ನೊಬ್ಬ ಹೆಂಗಸನ್ನು ನಾನು ಕಂಡಿಲ್ಲ. ತೂಕದಲ್ಲಿ ಮೋಸ ಕಂಡು ರೇಷನ್ ಅಂಗಡಿಯ ತಕ್ಕಡಿಯನ್ನೇ ತಡೆದು ನಿಲ್ಲಿಸಿದವಳು. ಜಗಳಗಂಟಿ ಎಂದವರ ಬಾಯಿಗೆ ಮಣ್ಣು ಹಾಕ!

ತೊಂಬತ್ತೆಂಟನೇ ಇಸವಿ. ಅವಳ ಮಗಳು ಶಾಂಭವಿಗೆ ಹತ್ತು ತಿಂಗಳು. ಎರಡನೆಯದು ಬೇಗ ಆಗಲಿ ಎಂದು ಅತ್ತೆ ಮಹಾಂತಮ್ಮ ಮೊಲೆ ಬಿಡಿಸಲು ಪಟ್ಟು ಹಿಡಿದರು. ಬೇವಿನ ಸೊಪ್ಪು ಅರೆದು ಹಚ್ಚಿಸಿದರು; ಮಗು ಮುಖ ಕಿವುಚಿ ಮತ್ತೆ ಬಾಯಿ ಹಾಕಿತು. ಹಾಗಾದರೆ ಮಗುವನ್ನೇ ತಾವಿದ್ದ ದುರ್ಗಿಗುಡಿಯ ಮನೆಗೆ ಒಯ್ದು, ಹಾಲು ಮರೆಯುವ ತನಕ ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದರು. ಗಂಡ ಜ್ಞಾನೇಶ್ ಅಮ್ಮನೆದುರು ಬಾಯಿ ಬಿಡುವ ಪೈಕಿಯಲ್ಲ.

ಅವರು ಚೀಲ ಹಿಡಿದು ಬಂದ ದಿನ ನಾನೂ ಅಲ್ಲಿದ್ದೆ. ಎಂ.ಎಸ್ಸಿ. ಓದುತ್ತಿದ್ದ ಬಸವರಾಜೇಶ್ವರಿಯ ತಂಗಿ ಸುಮನಾ ಅಕ್ಕನ ಪರ ವಾದಕ್ಕೆ ನಿಂತಳು.

"ಹಾಲು ಜೀರ್ಣ ಆಗುವಾಗ ಅಫೀಮಿನ ಥರದ ಅಂಶ ಒಂಚೂರು ಹುಟ್ಟುತ್ತೆ ಅತ್ತೆ. ಅದು ಹೋಗಿ ಕೂರೋ ಜಾಗ ಮಿದುಳಲ್ಲಿದೆ. ನೋವು ತಡೆಯೋದು, ಸಮಾಧಾನ ಆಗೋದು ಎಲ್ಲ ಅಲ್ಲೇ. ಇಲಿಮರಿಗಳಿಗೆ ಹಾಲು ಬಿಡಿಸೋ ಹೊತ್ತು, ಕೊಡೋ ಆಹಾರ ಬದಲಾದ್ರೆ ಆ ಜಾಗ ಬೆಳೆಯೋ ರೀತಿನೂ ಬದಲಾಗುತ್ತಂತೆ. ನಮ್ಮ ಮಕ್ಕಳಲ್ಲಿ ಹೇಗೋ ಗೊತ್ತಿಲ್ಲ. ಗೊತ್ತಿಲ್ದೆ ಇದ್ದಾಗ ಅವಸರ ಯಾಕೆ?"

ಮಹಾಂತಮ್ಮ ಹಿಡಿದುಕೊಂಡದ್ದು ಒಂದೇ ಮಾತನ್ನು.

"ಅಫೀಮಾ! ಶಿವ ಶಿವಾ! ಕೇಳಿದ್ಯೇನೋ ಜ್ಞಾನೇಶ? ನನ್ ಮೊಮ್ಮಗಳಿಗೆ ಅಫೀಮು ಕುಡಿಸ್ತಿದಾಳೆ. ಈಗ್ಲೇ ಕರ್ಕೊಂಡು ಹೋಗ್ತೀನಿ!"

ಚೀಲಕ್ಕೆ ಮಗುವಿನ ಬಟ್ಟೆ ತುರುಕತೊಡಗಿದರು. ನನಗೆ ನಗು ಬಂತು, ಮೈಯೂ ಉರಿಯಿತು. ಸುಮನಾ ಅಳುಮೋರೆ ಹಾಕಿದಳು. ಬಸವರಾಜೇಶ್ವರಿ ನಡುಮನೆಯಲ್ಲಿ ಚಕ್ಕಳಮಕ್ಕಳ ಕೂತು, ಎಲ್ಲರೆದುರೇ ಮಗುವನ್ನು ಎದೆಗೆಳೆದುಕೊಂಡಳು.

"ಅಫೀಮೇ ಅನ್ಕೊಳ್ಳಿ ಅತ್ತೆ. ನಾನು ಕೊಡೋಳೇ."

"ಏನೇ ನಿನ್ ಸೊಕ್ಕು!" ಮಹಾಂತಮ್ಮ ಮಗನತ್ತ ಬೆರಳು ಮಾಡಿದರು. "ಇವನನ್ನೂ ನಮ್ಮತ್ತೆ ಹೀಗೇ ಎತ್ಕೊಂಡು ಹೋಗಿದ್ರು. ಹಾಲು ಕಟ್ಟಿ ಎದೆ ಕಲ್ಲಾಗಿ, ಜ್ವರ ಬಂದು, ಗೋಡೆ ಕಡೆ ತಿರುಗಿ ಅಳ್ತಾ ಬಿದ್ದಿದ್ದೆ. ವಾಪಸ್ ತಂದಾಗ ಇವನು ನನ್ನ ಹತ್ರಾನೇ ಬರ್ಲಿಲ್ಲ. ನಾನು ತಡ್ಕೊಳ್ಳಲಿಲ್ವಾ?"

ಜ್ಞಾನೇಶ್ ತಾಯಿಯ ಮುಖವನ್ನೇ ನೋಡಿದ. ಅವನಿಗೆ ಇದು ಗೊತ್ತೇ ಇರಲಿಲ್ಲ.

"ನೀವು ತಡ್ಕೊಂಡ್ರಿ, ನಿಮ್ಮ ಪರ ಯಾರೂ ಮಾತಾಡ್ಲಿಲ್ಲ," ಎಂದಳು ಬಸವರಾಜೇಶ್ವರಿ. "ನಾನು ತಡ್ಕೊಳ್ಳಲ್ಲ. ಮಗು ಎಲ್ಲಿಗೂ ಬರಲ್ಲ."

ಮಹಾಂತಮ್ಮ ಕುಲಾವಿ, ಲಂಗಗಳನ್ನು ಚೀಲದಿಂದ ತೆಗೆದು ಮಡಚಿಟ್ಟರು.

"ಏನು ನೋಡ್ತಾ ನಿಂತಿದ್ದೀಯೋ ಮಂಕು ಮುಂಡೇದೇ," ಎಂದು ಮಗನನ್ನು ಗದರಿದರು. "ಅವಳ ಬೆನ್ನಿಗೊಂದು ದಿಂಬು ಕೊಡು."