ಸೂಜಿ ಕಾಣದ ಮನೆಗೆ ಬಂದ ನರ್ಸಬಾಯಿ

ಮೊನ್ನೆ ಶಿಗ್ಗಾಂವಿಯ ಆಸ್ಪತ್ರೆಯಲ್ಲಿ ಬಸುರಿ ಮಗಳ ತೋಳಿಗೆ ಸ್ಪಿರಿಟ್ ಹತ್ತಿ ಸವರಿದರು ನೋಡಿ, ಆ ವಾಸನೆ ಮೂಗಿಗೆ ಬಡಿದದ್ದೇ ತಡ, ದುಂಡಸಿಯ ನಮ್ಮ ನರ್ಸಬಾಯಿ ನೆನಪಾದರು. ಓಣಿಯ ಆ ತುದಿಯಲ್ಲಿ ನಕ್ಕರೆ ಈ ತುದಿಗೆ ಕೇಳಿಸುತ್ತಿತ್ತು...

ಆಗ ಇದೇ ಮಗಳು ನನ್ನ ಹೊಟ್ಟೆಯಲ್ಲಿದ್ದಳು. ನಮ್ಮತ್ತೆಯದೊಂದು ಹಟ: ಬಸುರಿಗೆ ಸೂಜಿ ಸೋಂಕಬಾರದು. ನನ್ನ ಕುಪ್ಪಸದ ಹುಕ್ಕು ಕಿತ್ತರೆ ಪಕ್ಕದ ಮನೆಯವಳೇ ಹಚ್ಚಿಕೊಡಬೇಕು. ಪಿನ್ನುಗಳನ್ನೂ ಎತ್ತಿಟ್ಟಿದ್ದರು, ಜಾರುವ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ರೊಟ್ಟಿ ಬಡಿದವಳು ನಾನು. ಇನ್ನು ಸೂಜಿ ಮಾಡಲು ಬಂದವರನ್ನು ಒಳಗೆ ಬಿಟ್ಟಾರೆಯೇ?

ನರ್ಸಬಾಯಿ ಬಂದಾಗಲೆಲ್ಲ, "ಸೊಸಿ ತವರಮನಿಗೆ ಹೋಗ್ಯಾಳ್ರಿ" ಎಂದು ಬಾಗಿಲಲ್ಲೇ ಸಾಗಹಾಕುತ್ತಿದ್ದರು. ಒಂದು ದಿನ ನನ್ನನ್ನು ಮೆಣಸಿನಕಾಯಿ ಚೀಲಗಳ ಕೋಣೆಗೆ ದಬ್ಬಿ ಕದ ಮುಂದೆ ಮಾಡಿದರು. ಆ ಘಾಟು ಸುಮ್ಮನಿರುತ್ತದೆಯೇ... ಒಂದರ ಮೇಲೊಂದು ಸೀನು.

"ಏನ್ರಿ ಅವ್ವಾರ, ನಿಮ್ಮ ಮೆಣಸಿನಕಾಯಿಗೆ ನೆಗಡಿ ಆಗೇತೇನ್ರಿ?" ಎಂದರು ನರ್ಸಬಾಯಿ.

ನಗು ತಡೆಯಲಾಗದೆ ನಾನು ಹೊರಗೆ ಬಂದೆ. ಅತ್ತೆ ಮಾತ್ರ ನಗಲಿಲ್ಲ. ನನಗೆ ಅಡ್ಡ ನಿಂತು, "ನಿಮ್ಮ ಕಾಲ ಬೀಳ್ತೇನ್ರಿ ಬಾಯಾರ, ಈಕಿಗೆ ಸೂಜಿ ಬ್ಯಾಡ್ರಿ" ಎಂದರು. ಆಮೇಲೆ ಕಟ್ಟೆಯ ಮೇಲೆ ಕುಳಿತು, ನನಗೂ ಗೊತ್ತಿರದ ಸಂಗತಿ ಹೇಳಿದರು. ಚೊಚ್ಚಲ ಬಸಿರಿನಲ್ಲಿ ಗ್ರಹಣದ ದಿನ ಮರೆತು ಕೌದಿ ಹೊಲಿದಿದ್ದರಂತೆ. ಹುಟ್ಟಿದ ಗಂಡುಕೂಸು ವಾರ ತುಂಬುವುದರೊಳಗೆ ಮೊಲೆ ಬಿಟ್ಟಿತು, ದವಡೆ ಬಿಗಿಯಿತು, ಮೈ ಬಿಲ್ಲಿನ ಹಾಗೆ ಬಾಗಿ... ಹೋಯಿತು.

"ನನ್ನ ಸೂಜೀನ ಅದನ್ನ ಕೊಂದಿದ್ದು" ಎಂದು ಅತ್ತರು. ಅಂದಿನಿಂದ ಅವರು ಸೂಜಿ ಮುಟ್ಟಿರಲಿಲ್ಲ.

ನರ್ಸಬಾಯಿ ಲಸಿಕೆ ಡಬ್ಬಿ ಕೆಳಗಿಟ್ಟು ಪಕ್ಕದಲ್ಲಿ ಕುಳಿತರು. ಹೊಕ್ಕಳಬಳ್ಳಿ ಯಾತರಿಂದ ಕೊಯ್ದಿದ್ದಿರಿ ಎಂದು ಕೇಳಿದರು. ಕುಡುಗೋಲಿನಿಂದ ಎಂದರು ಅತ್ತೆ.

"ಅದು ಧನುರ್ವಾಯು ಅವ್ವಾರ. ಕುಡುಗೋಲಿನ ಹೊಲಸು ಹೊಕ್ಕಳದಾಗ ಇಳಿದಿರತೈತಿ. ಕೂಸು ನಿಮ್ಮ ಸೂಜಿಯಿಂದ ಹೋಗಿಲ್ರಿ. ಈ ಸೂಜಿ ಸಿಗಲಾರದಕ್ಕ ಹೋಗೇತಿ. ತಾಯಿಗೆ ಮಾಡಿದ್ರ ಹೊಟ್ಯಾಗಿನ ಕೂಸಿನ್ನೂ ಕಾಯತೈತಿ."

ಅತ್ತೆ ಎದ್ದು, ನನ್ನ ರಟ್ಟೆ ಹಿಡಿದು, ಕುಪ್ಪಸದ ತೋಳು ತಾವೇ ಮೇಲೆ ಸರಿಸಿ, "ಮಾಡ್ರಿ" ಎಂದರು. ಚುಚ್ಚುವಾಗ ಕಣ್ಣು ಮುಚ್ಚಿಕೊಂಡದ್ದು ನಾನಲ್ಲ, ಅವರು.

ಮಗಳು ಹುಟ್ಟಿದಳು, ಓಣಿಯನ್ನೇ ಎಬ್ಬಿಸುವ ಗಂಟಲಿನೊಂದಿಗೆ. ತೊಟ್ಟಿಲಿಗೆ ಹಾಕುವ ದಿನ ಅತ್ತೆ ಹಳೆಯ ಇಳಕಲ್ ಸೀರೆಯಲ್ಲಿ ತಾವೇ ಹೊಲಿದ ಪುಟ್ಟ ಕೌದಿ ತಂದು ಹಾಸಿದರು.

"ಹೊಲಿಗಿ ಸೊಟ್ಟ ಬಿದ್ದಾವಲ್ರಿ ಅವ್ವಾರ" ಎಂದು ನರ್ಸಬಾಯಿ ಕೆಣಕಿದರು.

"ರೂಢಿ ತಪ್ಪಿತ್ತಲ್ರಿ ಬಾಯಾರ" ಎಂದು ಅತ್ತೆ ನಕ್ಕರು. ಅವರು ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ಅಂದೇ ಮೊದಲು ಕಂಡೆ.

ನರ್ಸಬಾಯಿಗೆ ಮುಂದೆ ಮಾಸೂರಿಗೆ ವರ್ಗವಾಯಿತು. ಹೋದ ವರ್ಷ ಅಲ್ಲೇ ತೀರಿಕೊಂಡರು. ನಮಗೆ ಸುದ್ದಿ ತಿಳಿದದ್ದು ಎಲ್ಲ ಮುಗಿದ ಮೇಲೆ. ಅತ್ತೆ ಅದಕ್ಕೂ ಮೊದಲೇ ಹೋಗಿದ್ದರು.

"ಯವ್ವಾ, ಸೂಜಿ ಮಾಡಿದ್ದು ನನಗ. ನೀ ಯಾಕ ಅಳಾಕತ್ತಿ?" ಎಂದಳು ಮಗಳು ಮೊನ್ನೆ ಆಸ್ಪತ್ರೆಯಲ್ಲಿ, ತೋಳು ತಿಕ್ಕಿಕೊಳ್ಳುತ್ತ.

"ನಿನ್ನ ರಟ್ಟಿ ಹಿಡ್ಯಾಕ ನಿಮ್ಮಜ್ಜಿ, ನರ್ಸಬಾಯಿ ಇಬ್ರೂ ಇಲ್ಲಲ್ಲ, ಅದಕ್ಕ" ಎಂದೆ.